ಚೋಪ್ತಾದ ಹಿಮಕ್ಕೆ ಕ್ಯಾಮೆರಾ ಹೊತ್ತು ಹೊರಡುವ ಕೆಂಗೇರಿಯವರಿಗೆ

ಕೆಂಗೇರಿ ಉಪನಗರದ ಗೆಳೆಯನೊಬ್ಬ ಬರುವ ಚಳಿಗಾಲಕ್ಕೆ ಸ್ನೇಹಿತರನ್ನು ಕಟ್ಟಿಕೊಂಡು ಹಿಮದ ಫೋಟೊ ತೆಗೆಯಲು ಹೊರಟಿದ್ದಾನೆ. ಮನಾಲಿಯೋ, ಔಲಿಯೋ, ಚೋಪ್ತಾವೋ ಎಂದು ಕೇಳಿದ. ಎರಡು ಮಾತಿಲ್ಲದೆ ಚೋಪ್ತಾ ಅಂದೆ. ಉತ್ತರಾಖಂಡದ ಈ ಮೂಲೆಯಲ್ಲಿ ತುಂಗನಾಥ, ಚಂದ್ರಶಿಲಾ, ದೇವರಿಯಾ ತಾಲ್ ಎಲ್ಲ ಹತ್ತಿರ ಹತ್ತಿರ ಇವೆ. ಐದು ದಿನದಲ್ಲಿ ಐದು ಊರು ತೋರಿಸುವ ಪ್ಯಾಕೇಜಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಹಿಮದ ಬೆಟ್ಟದ ಮೇಲೆ ಒಳ್ಳೆಯ ಬೆಳಕು ಇರುವುದು ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ಆಗ ನೀವು ಗಾಡಿಯೊಳಗಿದ್ದರೆ ಅಷ್ಟು ದೂರ ಹೋಗಿದ್ದೇ ದಂಡ. ಒಂದೇ ಕಡೆ ಕೂತು ಕಾಯಬೇಕು. ಒಂದು ಚಿತ್ರಕ್ಕೆ ಒಂದು ಗಂಟೆ ಚಳಿಯಲ್ಲಿ ನಿಲ್ಲಬಲ್ಲವರನ್ನು ಮಾತ್ರ ಜೊತೆಗೆ ಕರೆದುಕೊಳ್ಳಿ. "ಆಯ್ತಾ, ಹೋಗೋಣ್ವಾ" ಅನ್ನುವವರು ಒಬ್ಬರಿದ್ದರೂ ಇಡೀ ಗುಂಪಿನ ಬೆಳಗು ಹಾಳು.

ಹೋಗುವುದು ಸಂಕ್ರಾಂತಿ ಕಳೆದ ಮೇಲೆ, ಫೆಬ್ರುವರಿ ಮಧ್ಯದೊಳಗೆ. ಕೆಂಗೇರಿಯಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ವಾಯುವಜ್ರ. ಬೆಳಗಿನ ಜಾವದ ವಿಮಾನವಾದರೆ ಮೆಟ್ರೊ ನೆಚ್ಚಿಕೊಳ್ಳಬೇಡಿ. ಕ್ಯಾಮೆರಾದ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ಡೆಹ್ರಾಡೂನಿನ ಜಾಲಿ ಗ್ರಾಂಟ್‌ನಲ್ಲಿ ಇಳಿದರೆ ಹೃಷಿಕೇಶ ಹತ್ತಿರ. ದೆಹಲಿಯ ಮೇಲೆ ಹೋದರೆ ಖರ್ಚು ಕಡಿಮೆ, ಮೈಕೈ ನೋವು ಜಾಸ್ತಿ.

ಹೃಷಿಕೇಶದಿಂದ ಉಖೀಮಠಕ್ಕೆ ಹತ್ತಿರ ಹತ್ತಿರ 180 ಕಿಲೋಮೀಟರ್, ಬರೀ ತಿರುವು, ಇಡೀ ದಿನ ಬೇಕು. ದೇವಪ್ರಯಾಗದಲ್ಲಿ ಅಲಕನಂದಾ, ಭಾಗೀರಥಿ ಕೂಡುವುದನ್ನು ಹತ್ತು ನಿಮಿಷ ನಿಂತು ನೋಡಿ. ತೇಜಸ್ವಿಯವರ ಕನ್ನಡದಲ್ಲಿ ಜಿಮ್ ಕಾರ್ಬೆಟ್ಟನ ರುದ್ರಪ್ರಯಾಗದ ನರಭಕ್ಷಕನ ಕಥೆ ಓದಿದವರು ಗುಲಾಬ್‌ರಾಯ್‌ನಲ್ಲೂ ಇಳಿಯಿರಿ. ಆ ಚಿರತೆಯನ್ನು ಅವನು 1926ರಲ್ಲಿ ಹೊಡೆದದ್ದು ಅಲ್ಲೇ.

ಹಿಂದೊಮ್ಮೆ ಹೋದಾಗ ನಮಗೆ ತೊಂದರೆಯಾದದ್ದು ಗಾಡಿಯಿಂದ. ಚೋಪ್ತಾ ತನಕ ಎಂದು ಫೋನಿನಲ್ಲೇ ಮಾತಾಡಿ ಬಂದಿದ್ದ ಚಾಲಕ, ಉಖೀಮಠ ದಾಟಿದ ಮೇಲೆ ಒಂದು ತಿರುವಿನಲ್ಲಿ ಇಂಜಿನ್ ಆರಿಸಿದ. ಮುಂದೆ ಹಿಮ, ಟೈರಿಗೆ ಚೈನ್ ಹಾಕಬೇಕು, ಅದಕ್ಕೆ ಬೇರೆ ದುಡ್ಡು ಅಂದ. ಕೊಟ್ಟೆವು. ಡಿಕ್ಕಿ ತೆಗೆದರೆ ಒಳಗೆ ಚೈನೇ ಇಲ್ಲ. ದುಗಲ್‌ಬಿಟ್ಟಾಗೂ ಮೊದಲೇ ನಮ್ಮನ್ನು ಇಳಿಸಿ ಗಾಡಿ ತಿರುಗಿಸಿಕೊಂಡು ಹೋದ. ಟ್ರೈಪಾಡ್, ಬ್ಯಾಗು, ಎಲ್ಲ ಹೆಗಲ ಮೇಲೆ ಹಾಕಿಕೊಂಡು ಕತ್ತಲಲ್ಲಿ ನಡೆಯಬೇಕಾಯಿತು. ಆದ್ದರಿಂದ ಹೃಷಿಕೇಶದ ಗಾಡಿಯನ್ನು ಉಖೀಮಠಕ್ಕೇ ಮುಗಿಸಿ. ಅಲ್ಲಿಂದ ಮೇಲಕ್ಕೆ ಸ್ಥಳೀಯರ ಬೊಲೆರೊ ಹಿಡಿಯಿರಿ. ಚೈನ್ ಕಣ್ಣಾರೆ ಕಂಡ ಮೇಲೆ ಮುಂಗಡ ಕೊಡಿ. ಭಾರಿ ಹಿಮ ಬಿದ್ದ ವಾರ ಯಾವ ಗಾಡಿಯೂ ಚೋಪ್ತಾ ಮುಟ್ಟುವುದಿಲ್ಲ, ಕೊನೆಯ ಕೆಲವು ಕಿಲೋಮೀಟರ್ ನಡಿಗೆಯೇ.

ಉಖೀಮಠದಲ್ಲಿ ಒಂದು ರಾತ್ರಿ ಇದ್ದೇ ಹೋಗಿ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವುದು ಇಲ್ಲಿನ ಓಂಕಾರೇಶ್ವರ ದೇವಸ್ಥಾನದಲ್ಲಿ. ಬಾಳೆಹೊನ್ನೂರು, ಉಜ್ಜಿನಿ, ಶ್ರೀಶೈಲ, ಕಾಶಿಯ ಜೊತೆಗೆ ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠವೂ ಇಲ್ಲಿಯೇ. ಕೇದಾರದ ಅರ್ಚಕರು ಕರ್ನಾಟಕದಿಂದ ಹೋದ ವೀರಶೈವರು. ಬಣ್ಣ ಬಳಿದ ಮರದ ಕಂಬಗಳು, ಹಿಂದೆ ಹಿಮದ ಬೆಟ್ಟ: ಪ್ರಾಂಗಣದಲ್ಲಿ ಬೆಳಗಿನ ಎಳೆಬಿಸಿಲು ಬಹಳ ಚೆನ್ನ. ಪೂಜೆಯ ಫೋಟೊ ಕೇಳದೆ ತೆಗೆಯಬೇಡಿ.

ಚೋಪ್ತಾ ಇರುವುದು ಸುಮಾರು 2,700 ಮೀಟರ್ ಎತ್ತರದಲ್ಲಿ, ಕೇದಾರನಾಥ ವನ್ಯಧಾಮದೊಳಗೆ. ಕರೆಂಟು ಸೋಲಾರ್‌ನದ್ದು, ಮೋಡ ಮುಚ್ಚಿದರೆ ಅದೂ ಇಲ್ಲ. ಪವರ್ ಬ್ಯಾಂಕು ದಂಡಿಯಾಗಿ ಒಯ್ಯಿರಿ. ಕೋಣೆಗೆ ನಾವು ಹೋದಾಗ ಸಾವಿರ ಚಿಲ್ಲರೆ ಇತ್ತು, ಈಗ ಏರಿರುತ್ತದೆ. ಬುಗ್ಯಾಲ್ ಅನ್ನುವ ಇಲ್ಲಿನ ಹುಲ್ಲುಗಾವಲಿನಲ್ಲಿ ಟೆಂಟ್ ಹಾಕಿಕೊಡುತ್ತೇವೆ ಅನ್ನುವವರನ್ನು ನಂಬಬೇಡಿ: ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲೇ ನಿಷೇಧಿಸಿದೆ. ಊಟಕ್ಕೆ ಬೇಳೆ, ಅನ್ನ, ಪರಾಠ. ಮಂಡುವಾ ರೊಟ್ಟಿ ಕೇಳಿ ಮಾಡಿಸಿಕೊಳ್ಳಿ. ಅದು ನಮ್ಮ ರಾಗಿಯೇ, ಮನೆಯಿಂದ ತಂದ ಚಟ್ನಿಪುಡಿಗೆ ಒಳ್ಳೆ ಜೋಡಿ.

ತುಂಗನಾಥಕ್ಕೆ ಮೂರೂವರೆ ಕಿಲೋಮೀಟರ್ ಏರು, 3,680 ಮೀಟರ್. ಚಳಿಗಾಲದಲ್ಲಿ ದೇವಸ್ಥಾನದ ಬಾಗಿಲು ಮುಚ್ಚಿರುತ್ತದೆ, ದೇವರು ಕೆಳಗೆ ಮಕ್ಕೂಮಠದಲ್ಲಿ. ತುಂಗನಾಥದಿಂದ ಚಂದ್ರಶಿಲಾ ಶಿಖರ ಇನ್ನೂ ಕಡಿದು. ಶೂಗೆ ಕಟ್ಟುವ ಮುಳ್ಳುಪಟ್ಟಿ ಬಾಡಿಗೆಗೆ ಸಿಗುತ್ತದೆ, ಅದಿಲ್ಲದೆ ಕಾಲಿಡಬೇಡಿ. ತಲೆನೋವು, ವಾಕರಿಕೆ ಬಂದರೆ ಶಿಖರದ ಆಸೆ ಬಿಟ್ಟು ಇಳಿಯಿರಿ. ಹೊರಡುವ ಎರಡು ತಿಂಗಳ ಮುಂಚಿನಿಂದ ಭಾನುವಾರ ತುರಹಳ್ಳಿ ಗುಡ್ಡ, ಆಮೇಲೆ ಸಾವನದುರ್ಗ, ಬ್ಯಾಗಿನ ಭಾರ ಸಮೇತ ಹತ್ತಿ ಇಳಿದು ಅಭ್ಯಾಸ ಮಾಡಿ.

ದೇವರಿಯಾ ತಾಲ್ ನನಗೆ ಎಲ್ಲಕ್ಕಿಂತ ಇಷ್ಟ. ಸಾರಿ ಹಳ್ಳಿಯಿಂದ ಮೂರು ಕಿಲೋಮೀಟರಿನೊಳಗೆ. ಯಕ್ಷ ಧರ್ಮರಾಯನಿಗೆ ಪ್ರಶ್ನೆ ಹಾಕಿದ್ದು ಈ ಕೊಳದ ದಡದಲ್ಲೇ ಎಂದು ಅಲ್ಲಿನವರ ನಂಬಿಕೆ. ನೀರಿನಲ್ಲಿ 7,138 ಮೀಟರಿನ ಚೌಖಂಬಾ ತಲೆಕೆಳಗಾಗಿ ಕಾಣುವ ಚಿತ್ರ ಬೇಕಿದ್ದವರು ನವೆಂಬರಿನಲ್ಲೇ ಹೋಗಬೇಕು. ಜನವರಿಯಲ್ಲಿ ಕೊಳವೇ ಹೆಪ್ಪುಗಟ್ಟಿರಬಹುದು. ಪ್ರತಿಬಿಂಬಕ್ಕೆ ಗಾಳಿ ಏಳುವ ಮುಂಚಿನ ಬೆಳಗು, ಬೆಟ್ಟದ ಕೆಂಪಿಗೆ ಸಂಜೆ. ಸೂರ್ಯ ಮುಳುಗಿದನೆಂದು ಟ್ರೈಪಾಡ್ ಮಡಚಬೇಡಿ: ನೀವು ನಿಂತ ಕಡೆ ನೆರಳಾದ ಮೇಲೂ ಶಿಖರದ ಮೇಲೆ ಬಿಸಿಲು ಇದ್ದೇ ಇರುತ್ತದೆ. ಮೊದಲು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ತುದಿಯಲ್ಲಿ ಮಾತ್ರ ಗುಲಾಬಿ. ಬೇಕಾದದ್ದು ಆ ಕೊನೆಯದು.

ಕ್ಯಾಮೆರಾದ ಮಾತು. ಬಿಳಿ ಕಂಡರೆ ಮೀಟರ್ ಅದನ್ನು ಬೂದು ಮಾಡಿಬಿಡುತ್ತದೆ. ಮನೆಯ ತಾರಸಿಯಲ್ಲಿ ಒಣಗಲು ಹಾಕಿದ ಬಿಳಿ ಪಂಚೆ ಫ್ರೇಮಿನ ತುಂಬ ಬರುವ ಹಾಗೆ ಒಂದು ಫೋಟೊ ತೆಗೆದು ನೋಡಿ, ಗೊತ್ತಾಗುತ್ತದೆ. ಹಿಮದಲ್ಲಿ ಎಕ್ಸ್‌ಪೋಷರ್ +1ರಿಂದ +1.7 ಏರಿಸಿ, ಹಿಸ್ಟೋಗ್ರಾಂ ಬಲಗೋಡೆ ಮುಟ್ಟದಂತೆ ನೋಡಿಕೊಳ್ಳಿ, ರಾ ಫೈಲಿನಲ್ಲೇ ತೆಗೆಯಿರಿ. ನೆರಳಿನ ಹಿಮ ನೀಲಿ ಬರುತ್ತದೆ. ಪೂರ್ತಿ ತೊಳೆಯಬೇಡಿ, ಚಳಿ ಕಾಣುವುದೇ ಆ ನೀಲಿಯಲ್ಲಿ. ಬ್ಯಾಟರಿ ಅಂಗಿಯ ಒಳಜೇಬಿನಲ್ಲಿರಲಿ. ಹೊರಗಿನಿಂದ ಕೋಣೆಗೆ ಬರುವಾಗ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಮುಚ್ಚಿ ತನ್ನಿ, ಇಲ್ಲದಿದ್ದರೆ ಲೆನ್ಸಿನ ತುಂಬ ನೀರು ಕೂರುತ್ತದೆ. ಹುಣ್ಣಿಮೆ ಸಿಕ್ಕರೆ ಐಎಸ್ಒ 800, ಎಫ್/4, 15 ಸೆಕೆಂಡಿನಿಂದ ಶುರುಮಾಡಿ.

ವಾಪಸ್ ವಿಮಾನಕ್ಕೂ ಇಳಿಯುವ ದಿನಕ್ಕೂ ನಡುವೆ ಒಂದು ಖಾಲಿ ದಿನ ಇಟ್ಟುಕೊಳ್ಳಿ. ಹಿಮ ಬಿದ್ದು ರಸ್ತೆ ಕಟ್ಟಿದರೆ ಅದು ಬೇಕೇ ಬೇಕು. ರಸ್ತೆ ತೆರೆದೇ ಇದ್ದರೆ ಆ ದಿನವನ್ನೂ ಸಾರಿಯಲ್ಲೇ ಕಳೆಯಿರಿ, ಹೃಷಿಕೇಶದಲ್ಲಿ ಅಲ್ಲ.