ಹತ್ತಿ ದಾರ, ಬಗಲಿನ ಲೆಕ್ಕ

ಹೈದರಾಬಾದಿನಲ್ಲಿ ಉಣ್ಣೆಯ ಸ್ವೆಟರ್ ಬೇಕೆನಿಸುವುದು ಡಿಸೆಂಬರ್, ಜನವರಿಯ ಕೆಲವು ಮುಂಜಾವುಗಳಲ್ಲಿ ಮಾತ್ರ. ಹಾಗೆಂದು ಹೆಣಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಹತ್ತಿ ದಾರದ ತೋಳಿಲ್ಲದ ಸಾದಾ ಟಾಪ್ ಆದರೆ ಇಲ್ಲಿ ವರ್ಷದ ಬಹುಪಾಲು ಹಾಕಿಕೊಳ್ಳಬಹುದು. ಕಾಚಿಗೂಡಕ್ಕೆ ಸೊಸೆಯಾಗಿ ಬಂದ ಮೇಲೆ ನಾನು ಹೆಚ್ಚಾಗಿ ಹೆಣೆದದ್ದು ಇದನ್ನೇ.

ಕಲಿಸಿದವರು ಪಕ್ಕದ ಮನೆಯ ಬೀದರ್ ಕಡೆಯ ಕಾಕು. 1956ರವರೆಗೆ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಓದು, ನೌಕರಿ ಎಂದು ಬಂದು ನೆಲೆಸಿದ ಕನ್ನಡದ ಮನೆಗಳು ಇಲ್ಲಿ ಸಾಕಷ್ಟಿವೆ. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಎರಡೂ ಇರುವುದು ಕಾಚಿಗೂಡದಲ್ಲೇ. ಮಂದಿರದ ಕಾರ್ಯಕ್ರಮಕ್ಕೆ ಹೋದಾಗಲೂ ಕಾಕು ಯಾರ ಜಂಪರ್ ಬಗಲಲ್ಲಿ ಹೇಗೆ ಕೂತಿದೆ ಎಂದು ನೋಡಿಕೊಂಡು ಬರುತ್ತಿದ್ದರು. “ತೋಳಿದ್ರ ತಪ್ಪು ಮುಚ್ಚಿ ಹೋಗ್ತದ ತಂಗಿ, ಇದ್ರಾಗ ಎಲ್ಲಾ ಕಾಣಸ್ತದ. ಬಗಲ ಮ್ಯಾಲೆ ಲಕ್ಷ್ಯ ಇಡು” ಎಂದು ಮೊದಲ ದಿನವೇ ಹೇಳಿದರು. ಇವತ್ತಿಗೂ ಅದಕ್ಕಿಂತ ದೊಡ್ಡ ಪಾಠ ನನಗೆ ಸಿಕ್ಕಿಲ್ಲ.

ಬಗಲಿಗೆ ಬರುವ ಮುಂಚೆ ದಾರದ ಮಾತು. ಉಣ್ಣೆಯ ಎಳೆಗೆ ಹುಟ್ಟಿನಿಂದಲೇ ಗುಂಗುರು ಇದೆ, ಎಳೆದು ಬಿಟ್ಟರೆ ಮತ್ತೆ ತನ್ನ ಅಳತೆಗೆ ಬರುತ್ತದೆ. ಹತ್ತಿಗೆ ಆ ಗುಣವಿಲ್ಲ. ನೀರು ಕುಡಿದು ಭಾರವಾಗುತ್ತದೆ, ಭಾರಕ್ಕೆ ಉದ್ದುದ್ದ ಜಗ್ಗುತ್ತದೆ. ಅಂಗಡಿಯಲ್ಲಿ ಕಣ್ಸೆಳೆಯುವ ಹೊಳಪಿನ ಮರ್ಸರೈಸ್ಡ್ ದಾರವೂ ಹತ್ತಿಯೇ. ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಹತ್ತಿಗೆ ಬಲ ಹೆಚ್ಚುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ ಎಂದು ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಕಂಡುಕೊಂಡ. ಬಲ ಹೆಚ್ಚಿದರೂ ಜಗ್ಗುವ ಸ್ವಭಾವ ಹೋಗುವುದಿಲ್ಲ. ಆದ್ದರಿಂದ ಸುಲ್ತಾನ್ ಬಜಾರ್‌ನಿಂದ ಯಾವ ದಾರ ತಂದರೂ ಮೊದಲು ಆರು ಅಂಗುಲದ ಒಂದು ಮಾದರಿ ತುಂಡು ಹೆಣೆಯುತ್ತೇನೆ. ಅದನ್ನು ಒಗೆದು, ಒಣಗಿಸಿ, ಕೆಳಗಂಚಿಗೆ ಬಟ್ಟೆ ಕ್ಲಿಪ್ಪುಗಳನ್ನು ಸಿಕ್ಕಿಸಿ ಒಂದು ರಾತ್ರಿ ತೂಗುಹಾಕಿದ ಮೇಲೆಯೇ ಅಳತೆ. ಕಡ್ಡಿಯ ಮೇಲಿರುವಾಗ ತೆಗೆದ ಅಳತೆಯನ್ನು ಹತ್ತಿಯಲ್ಲಿ ನಂಬಲೇಬಾರದು.

ನನ್ನ ಕೈಗೆ 9ನೇ ನಂಬರ್ ಕಡ್ಡಿಯಲ್ಲಿ, ಅಂದರೆ 3.75 ಮಿ.ಮೀ. ದಪ್ಪದ್ದರಲ್ಲಿ, 4 ಅಂಗುಲಕ್ಕೆ 22 ಕುಣಿಕೆ, 30 ಸಾಲು ಬರುತ್ತದೆ. ಎದೆ ಸುತ್ತಳತೆ 36 ಅಂಗುಲ, ಆರಾಮಕ್ಕೆ 2 ಸೇರಿಸಿದರೆ 38. ಮುಂಭಾಗಕ್ಕೆ 19 ಅಂಗುಲ, 104 ಕುಣಿಕೆ. ಹೊಲಿಗೆಗೆ ಆಚೀಚೆ ಒಂದೊಂದು ಸೇರಿ 106.

ಇನ್ನು ಬಗಲು. ತೋಳಿರುವ ಸ್ವೆಟರ್‌ನಲ್ಲಿ ಭುಜದ ಅಗಲ 14 ಅಂಗುಲ ಇದ್ದರೆ ಅಷ್ಟನ್ನೂ ಹೆಣೆಯಬಹುದು. ತೋಳಿಲ್ಲದ್ದರಲ್ಲಿ ಅಂಚು ಭುಜದ ಮೂಳೆಗಿಂತ ಅರ್ಧ ಅಂಗುಲ ಒಳಗೆ ನಿಂತರೇ ಚೆಂದ. ಹಾಗಾಗಿ 13. ಆ ಅಂಚಿಗೆ ಬರುವ ಮುಕ್ಕಾಲು ಅಂಗುಲದ ಪಟ್ಟಿಯೂ ಈ ಹದಿಮೂರರೊಳಗೇ ಸೇರಬೇಕು. ಬಹಳ ಜನ ಪಟ್ಟಿಯ ಅಗಲ ಮರೆಯುವುದರಿಂದಲೇ ಟಾಪ್ ತೋಳಿನ ಮೇಲೆ ರೆಕ್ಕೆಯ ಹಾಗೆ ಎದ್ದು ನಿಲ್ಲುತ್ತದೆ. ಎರಡೂ ಕಡೆಯ ಪಟ್ಟಿ ಕಳೆದರೆ ಹೆಣೆಯಬೇಕಾದದ್ದು ಹನ್ನೊಂದೂವರೆ ಅಂಗುಲ, 64 ಕುಣಿಕೆ. ಅಲ್ಲಿಗೆ 106ರಿಂದ 42 ಹೋಗಬೇಕು, ಒಂದೊಂದು ಬದಿಗೆ 21. ಬಗಲಿನಲ್ಲಿ ಒಮ್ಮೆಗೇ 6 ಮುಚ್ಚಿ, ಆಮೇಲೆ 3, 2, 2. ಉಳಿದ 8ನ್ನು ಸಾಲು ಬಿಟ್ಟು ಸಾಲಿಗೆ ಒಂದೊಂದಾಗಿ ಕಳೆಯುತ್ತೇನೆ. ಮೊದಲು ಬೇಗ, ಆಮೇಲೆ ನಿಧಾನ. ಆಗ ತಿರುವು ಕಂಕುಳಿಗೆ ಒಪ್ಪಿ ಕೂರುತ್ತದೆ. ಒಂದೇ ಸಮನೆ ಕಳೆಯುತ್ತ ಹೋದರೆ ಓರೆ ಗೆರೆಯಾಗಿ ಕಂಕುಳ ಮುಂದೆ ಮಡಿಕೆ ಬೀಳುತ್ತದೆ.

ಬಗಲಿನ ಆಳ ಕಾಕುವಿನ ಲೆಕ್ಕದಲ್ಲಿ ಸವಾ ಏಳು ಅಂಗುಲ. ಪಟ್ಟಿ ಕೆಳಗಿನಿಂದ ಮುಕ್ಕಾಲು ಅಂಗುಲ ತುಂಬಿ ಆರೂವರೆ ಆಗುತ್ತದೆ, ಹಾಕಿಕೊಂಡಾಗ ಹತ್ತಿ ಜಗ್ಗಿ ಏಳಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಆಳವಾದರೆ ಒಳಉಡುಪು ಇಣುಕುತ್ತದೆ.

ಕುತ್ತಿಗೆ ಸುಲಭ, ಹೆಚ್ಚು ಹೇಳುವುದಿಲ್ಲ.

ಪಟ್ಟಿಯ ಕುಣಿಕೆ ಎತ್ತುವಾಗ ನಾಲ್ಕು ಸಾಲಿಗೆ ಮೂರು ಎಂಬ ರೂಢಿ ಎಲ್ಲಿಂದ ಬಂತೆಂದು ಬಹಳ ಕಾಲ ಯೋಚಿಸಿದ್ದೆ. ಮಾದರಿ ತುಂಡಿನಲ್ಲೇ ಉತ್ತರವಿತ್ತು: 30 ಸಾಲಿನ ಜಾಗದಲ್ಲಿ ಹಿಡಿಸುವುದು 22 ಕುಣಿಕೆ. ಹೆಚ್ಚು ಎತ್ತಿದರೆ ಪಟ್ಟಿ ಅಲೆಯಲೆಯಾಗುತ್ತದೆ, ಕಡಿಮೆ ಎತ್ತಿದರೆ ಬಗಲು ಕೊರೆಯುತ್ತದೆ. ಒಂದು ಸೀದಾ ಒಂದು ಉಲ್ಟಾ ರಿಬ್ ಹತ್ತಿಯಲ್ಲಿ ಬೇಗ ಸಡಿಲಾಗುವುದರಿಂದ ಪಟ್ಟಿಗೆ 11ನೇ ನಂಬರ್ ಕಡ್ಡಿ ಹಿಡಿಯುತ್ತೇನೆ. ನಂಬರ್ ಏರಿದಂತೆ ಕಡ್ಡಿ ಸಣ್ಣದು. ಕಂಕುಳ ತಳದಲ್ಲಿ ಪಟ್ಟಿಯ ಎರಡು ಕುಣಿಕೆ ಕಳೆದರೆ ಅಂಚು ಮೈಗೆ ಅಂಟಿಕೊಳ್ಳುತ್ತದೆ.

ಹೊಲಿಗೆಯೇ ಇಲ್ಲದೆ ಸುತ್ತಾಗಿ ಹೆಣೆಯುವ ಪದ್ಧತಿಯನ್ನು ಎಲಿಜಬೆತ್ ಝಿಮ್ಮರ್‌ಮನ್ 1971ರ ‘ನಿಟಿಂಗ್ ವಿದೌಟ್ ಟಿಯರ್ಸ್’ ಪುಸ್ತಕದಲ್ಲಿ ಬಹಳ ಸೊಗಸಾಗಿ ಹೇಳಿಕೊಟ್ಟಿದ್ದಾರೆ. ಉಣ್ಣೆಗೆ ಅದನ್ನು ಮನಸಾರೆ ಒಪ್ಪುತ್ತೇನೆ. ಹತ್ತಿಗೆ ಮಾತ್ರ ಕಾಕುವಿನ ದಾರಿಯೇ ನನ್ನದು: ಹಿಂದು, ಮುಂದು ಬೇರೆ ಬೇರೆ ಹೆಣೆದು ಬದಿಗಳನ್ನು ಹೊಲಿಯುವುದು. ಸುಮಾರು 300 ಗ್ರಾಂ ತೂಕವೆಲ್ಲ ಜೋತುಬೀಳುವುದು ಭುಜಕ್ಕೆ. ಅಲ್ಲಿ ಕುಣಿಕೆಗಳನ್ನು ಮುಚ್ಚಿ, ಗಟ್ಟಿಯಾಗಿ ಹೊಲಿದು, ಒಳಗಿನಿಂದ ಸಣ್ಣ ನೂಲಿನ ಟೇಪು ಇಡುತ್ತೇನೆ. ಒಗೆದ ಮೇಲೆ ಟವೆಲಿನಲ್ಲಿ ಸುತ್ತಿ ನೀರು ತೆಗೆದು, ಮಹಡಿಯ ನೆರಳಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸುತ್ತೇನೆ. ಹ್ಯಾಂಗರಿಗೆ ಹಾಕದೆ ಮಡಚಿಟ್ಟ ಟಾಪ್‌ಗಳು ನನ್ನ ಕಪಾಟಿನಲ್ಲಿ ಈಗಲೂ ಹೆಣೆದ ಅಳತೆಯಲ್ಲೇ ಇವೆ.