ಗೀಸರ್ ಆರಿದರೆ ಗಾಬರಿ ಬೇಡ: ಕಾಫಿನಾಡಿನ ದುಡಿಯುವ ಕೈಗಳಿಗೆ 10 ಸೂತ್ರಗಳು

ಜುಲೈ ತಿಂಗಳು, ಬೆಳಿಗ್ಗೆ ಆರು ಗಂಟೆ. ಕೊಟ್ಟಿಗೆಹಾರದ ಕಡೆ ಮಳೆ ಬಿಡುವ ಲಕ್ಷಣವೇ ಇಲ್ಲ. ಕರೆಂಟ್ ರಾತ್ರಿಯೇ ಹೋಗಿದೆ. ಹೋಮ್‌ಸ್ಟೇಯ ರೂಮಿನಿಂದ ಫೋನ್ ಬರುತ್ತದೆ: "ಬಿಸಿನೀರು ಬರ್ತಾ ಇಲ್ಲ, ಸ್ವಲ್ಪ ನೋಡ್ತೀರಾ?" ಮೂಡಿಗೆರೆಯಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ಗೆಸ್ಟ್ ರೂಮ್ ಖಾಲಿ ಮಾಡಿ, ರಿವ್ಯೂ ಕೂಡ ಬರೆದಿರುತ್ತಾರೆ. ಹತ್ತು ನಿಮಿಷದಲ್ಲಿ ಕಾರಣ ಹುಡುಕಬಲ್ಲವರಿಗೆ ಇದೇ ಅವಕಾಶ.

ಹಂಡೆಯೊಲೆಗೆ ಸೌದೆ ತುರುಕುತ್ತಿದ್ದ ಕಾಲದಲ್ಲಿ ಬೆಂಕಿ ಕಣ್ಣೆದುರೇ ಉರಿಯುತ್ತಿತ್ತು. ಆರಿದರೆ ಊದುಗೊಳವೆ ಸಾಕಿತ್ತು. ಗ್ಯಾಸ್ ಗೀಸರ್‌ನಲ್ಲಿ ಬೆಂಕಿ ಡಬ್ಬಿಯೊಳಗಿದೆ. ಅದನ್ನು ಪಳಗಿಸಲು ಊದುವ ಶಕ್ತಿಗಿಂತ ಯೋಚಿಸುವ ಕ್ರಮ ಮುಖ್ಯ. ನೀವು ಹೋಮ್‌ಸ್ಟೇ ಮ್ಯಾನೇಜರ್ ಇರಬಹುದು, ತೋಟದ ರೈಟರ್ ಇರಬಹುದು, ಪಿಜಿಯಲ್ಲಿರುವ ವಿದ್ಯಾರ್ಥಿಯೇ ಇರಬಹುದು. ಈ ಹತ್ತು ಸೂತ್ರ ನಿಮಗೆ.

1. ನಿಮ್ಮ ಗೀಸರ್ ಯಾವ ಥರದ್ದು ಎಂದು ಮೊದಲು ತಿಳಿಯಿರಿ
ಮುಂದಿನ ಗಾಜಿನ ಕಿಂಡಿಯಲ್ಲಿ ನೋಡಿ. ನಲ್ಲಿ ಮುಚ್ಚಿದ್ದಾಗಲೂ ಒಳಗೆ ಸಣ್ಣ ಜ್ವಾಲೆ ಉರಿಯುತ್ತಿದ್ದರೆ ಅದು ಪೈಲಟ್ ಮಾದರಿ. ನಲ್ಲಿ ತಿರುಗಿಸಿದಾಗ ಮಾತ್ರ "ಟಕ್ ಟಕ್" ಎಂದು ಕಿಡಿ ಹಾರಿ ಹೊತ್ತಿಕೊಂಡರೆ ಅದು ಸೆಲ್ ಮಾದರಿ. ನಮ್ಮ ಕಡೆ ಈಗ ಸೆಲ್ ಮಾದರಿಯೇ ಹೆಚ್ಚು, ಹಳೆಯ ಮನೆಗಳಲ್ಲಿ ಪೈಲಟ್ ಮಾದರಿಯೂ ಇರಬಹುದು. ಎರಡರ ಕಾಯಿಲೆಯೂ ಬೇರೆ, ಮದ್ದೂ ಬೇರೆ. ಯಾವುದೆಂದು ತಿಳಿಯದೆ ಕೈಹಾಕಿದರೆ ಸಮಯ ದಂಡ.

2. ಕೈಗಿಂತ ಮೊದಲು ಮೂಗಿಗೆ ಕೆಲಸ ಕೊಡಿ
ಜ್ವಾಲೆ ಆರಿದೆ ಎಂದರೆ ಮೊದಲು ವಾಸನೆ ನೋಡಿ. ನಿಂತು ಮಾತ್ರ ಅಲ್ಲ, ಬಗ್ಗಿ ನೆಲದ ಹತ್ತಿರವೂ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಅದು ಮೇಲೇರುವುದಿಲ್ಲ, ಬಚ್ಚಲಿನ ತಗ್ಗಿನಲ್ಲಿ, ಮೋರಿಯ ಬಾಯಲ್ಲಿ ಕೂರುತ್ತದೆ. ಮೇಲಿನ ಕಿಟಕಿ ತೆರೆದರೆ ಸಾಲದು, ಬಾಗಿಲನ್ನೂ ಪೂರ್ತಿ ತೆರೆಯಿರಿ. ರೆಗ್ಯುಲೇಟರ್ ಆಫ್ ಮಾಡಿ. ಸ್ವಿಚ್ ಮುಟ್ಟಬೇಡಿ, ಬೆಂಕಿಕಡ್ಡಿ ಗೀರಬೇಡಿ. ವಾಸನೆ ಹೋಗದಿದ್ದರೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ, ಅದು ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ. ವಾಸನೆ ಇಲ್ಲದಿದ್ದರೂ ಆರಿದ ಪೈಲಟ್ ಅನ್ನು ಮತ್ತೆ ಹಚ್ಚುವ ಮುನ್ನ ಐದು ನಿಮಿಷ ಬಿಡಿ. ಆ ಐದು ನಿಮಿಷ ನಿಮ್ಮ ಇನ್ಶೂರೆನ್ಸ್.

3. ಸುಲಭದಿಂದ ಕಷ್ಟಕ್ಕೆ ಹೋಗಿ
ಕ್ರಮ ಇದು: ಸಿಲಿಂಡರ್‌ನಲ್ಲಿ ಗ್ಯಾಸ್ ಇದೆಯೇ? ರೆಗ್ಯುಲೇಟರ್ ಆನ್ ಇದೆಯೇ? ಪೈಪ್ ಎಲ್ಲಾದರೂ ಮಡಚಿದೆಯೇ? ನೀರು ಜೋರಾಗಿ ಬರುತ್ತಿದೆಯೇ? ಸೆಲ್ ಸರಿ ಇವೆಯೇ? ಈ ಐದು ಪ್ರಶ್ನೆಗೆ ಸ್ಕ್ರೂಡ್ರೈವರ್ ಬೇಡ. ಒಂದು ಬಾರಿಗೆ ಒಂದನ್ನೇ ಬದಲಿಸಿ, ಪರೀಕ್ಷಿಸಿ, ಮುಂದಕ್ಕೆ ಹೋಗಿ. ಸೆಲ್ಲನ್ನೂ ಪೈಪನ್ನೂ ಒಟ್ಟಿಗೆ ಬದಲಿಸಿದರೆ ಗೀಸರ್ ಹೊತ್ತಿಕೊಳ್ಳಬಹುದು, ಆದರೆ ತಪ್ಪು ಯಾವುದರಲ್ಲಿತ್ತು ಎಂದು ಗೊತ್ತಾಗುವುದಿಲ್ಲ. ಗೊತ್ತಾಗದ ತಪ್ಪು ಮತ್ತೆ ಬರುತ್ತದೆ.

4. ಸೆಲ್ ಮೇಲೆ ತಾರೀಖು ಬರೆಯಿರಿ
ಸಾಮಾನ್ಯವಾಗಿ 1.5 ವೋಲ್ಟಿನ ಎರಡು ದಪ್ಪ ಸೆಲ್ ಇರುತ್ತವೆ. ಕಿಡಿ ನಿಧಾನವಾದರೆ, ಅಥವಾ ಹೊತ್ತಿದ್ದು ತಕ್ಷಣ ಆರಿದರೆ, ಮೊದಲ ಅನುಮಾನ ಇವುಗಳ ಮೇಲಿರಲಿ. ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಹಾಕಬೇಡಿ, ಹಳೆಯದು ಹೊಸದನ್ನೂ ಕೆಡಿಸುತ್ತದೆ. ಮಲೆನಾಡಿನ ಥಂಡಿಗೆ ಸೆಲ್ ಡಬ್ಬಿಯ ಸ್ಪ್ರಿಂಗ್ ಮೇಲೆ ಹಸಿರು, ಬಿಳಿ ಪುಡಿ ಕಟ್ಟುತ್ತದೆ. ಒಣಬಟ್ಟೆಯಿಂದ ಉಜ್ಜಿ ತೆಗೆಯಿರಿ. ಸೆಲ್ ಚೆನ್ನಾಗಿದ್ದರೂ ಆ ಪುಡಿ ಕರೆಂಟನ್ನು ತಡೆಯುತ್ತದೆ. ಬದಲಿಸಿದ ದಿನವನ್ನು ಮಾರ್ಕರ್‌ನಲ್ಲಿ ಸೆಲ್ ಮೇಲೆಯೇ ಬರೆದುಬಿಡಿ.

5. ಬೆಂಕಿಯ ಸಮಸ್ಯೆಗೆ ನೀರಿನಲ್ಲೂ ಹುಡುಕಿ
ಸೆಲ್ ಗೀಸರ್ ಹೊತ್ತಿಕೊಳ್ಳುವುದು ನೀರು ತಳ್ಳಿದರೆ ಮಾತ್ರ. ನೀರಿನ ಒತ್ತಡ ಒಳಗಿನ ರಬ್ಬರ್ ಪೊರೆಯನ್ನು ತಳ್ಳಬೇಕು, ಅದು ಸ್ವಿಚ್ ಒತ್ತಬೇಕು, ಆಮೇಲೆ ಕಿಡಿ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ನಿಮ್ಮ ಟ್ಯಾಂಕ್ ಗೀಸರ್‌ಗಿಂತ ಎರಡೇ ಮೀಟರ್ ಮೇಲಿದ್ದರೆ ಸಿಗುವುದು 0.2 ಬಾರ್ ಮಾತ್ರ. ಅಷ್ಟು ಸಾಕೇ ಎಂದು ಗೀಸರ್ ಜತೆ ಬಂದ ಪುಸ್ತಿಕೆಯಲ್ಲಿ ನೋಡಿ. ಸಾಲದಿದ್ದರೆ ಟ್ಯಾಂಕ್ ಎತ್ತರಿಸಿ ಅಥವಾ ಚಿಕ್ಕ ಪ್ರೆಷರ್ ಪಂಪ್ ಹಾಕಿಸಿ. ಕಳಸ, ಸಂಸೆ, ಬಾಳೂರು ಕಡೆ ಗುಡ್ಡದ ಅಬ್ಬಿಯಿಂದಲೇ ಪೈಪ್ ಎಳೆದಿದ್ದರೆ ಮಳೆಗಾಲದಲ್ಲಿ ಕೆಂಪು ಮಣ್ಣು, ಎಲೆಚೂರು ಕೂಡ ಬರುತ್ತವೆ. ನೀರು ಒಳಬರುವ ಕಡೆಯ ಜಾಲರಿಯಲ್ಲಿ ಅವು ಕಟ್ಟಿಕೊಳ್ಳುತ್ತವೆ. ಗೇಟ್ ವಾಲ್ವ್ ಬಂದ್ ಮಾಡಿ, ಜಾಲರಿ ಬಿಚ್ಚಿ, ಹಳೆಯ ಟೂತ್‌ಬ್ರಷ್‌ನಲ್ಲಿ ತೊಳೆಯಿರಿ. ಎಷ್ಟೋ ಸಲ ಇಡೀ ರಿಪೇರಿ ಅಷ್ಟೇ.

6. ಪೈಲಟ್ ಹಚ್ಚಿದ ಮೇಲೆ ಗುಂಡಿ ಬಿಡಲು ಅವಸರಪಡಬೇಡಿ
ಗುಂಡಿ ಒತ್ತಿ, ಜ್ವಾಲೆ ಹಚ್ಚಿ, 30 ಸೆಕೆಂಡ್ ಒತ್ತಿಯೇ ಹಿಡಿಯಿರಿ. ಜ್ವಾಲೆಯ ಪಕ್ಕದಲ್ಲಿ ಪೆನ್ಸಿಲ್ ಮೊನೆಯಂಥ ಲೋಹದ ಕಡ್ಡಿ ಕಾಣುತ್ತದೆ. ಅದೇ ಥರ್ಮೋಕಪಲ್. ಎರಡು ಬೇರೆ ಲೋಹಗಳ ಬೆಸುಗೆ ಬಿಸಿಯಾದಾಗ ವಿದ್ಯುತ್ ಹುಟ್ಟುತ್ತದೆ. ಈ ಪರಿಣಾಮವನ್ನು ಥಾಮಸ್ ಸೀಬೆಕ್ 1821ರಲ್ಲಿ ಗಮನಿಸಿದರು. ಐಟಿಐ, ಡಿಪ್ಲೊಮಾ ಓದುವವರು ಈ ಹೆಸರು ನೆನಪಿಡಿ, ಇಂಟರ್‌ವ್ಯೂನಲ್ಲಿ ಕೇಳಬಹುದು. ಇಲ್ಲಿ ಹುಟ್ಟುವುದು ಕೆಲವೇ ಮಿಲಿವೋಲ್ಟ್, ಆದರೆ ಗ್ಯಾಸ್ ವಾಲ್ವನ್ನು ತೆರೆದು ಹಿಡಿಯಲು ಅಷ್ಟೇ ಸಾಕು. ಜ್ವಾಲೆ ಆರಿದರೆ ಕಡ್ಡಿ ತಣ್ಣಗಾಗುತ್ತದೆ, ವಾಲ್ವ್ ತಾನೇ ಮುಚ್ಚುತ್ತದೆ. ಗುಂಡಿ ಬಿಟ್ಟ ಕೂಡಲೇ ಪೈಲಟ್ ಆರುತ್ತಿದೆಯೇ? ಕಡ್ಡಿಗೆ ಮಸಿ ಹಿಡಿದಿದೆ, ಅದು ಜ್ವಾಲೆಯಿಂದ ಸರಿದಿದೆ, ಅಥವಾ ಅದರ ಆಯಸ್ಸು ಮುಗಿದಿದೆ. ಗ್ಯಾಸ್ ಬಂದ್ ಮಾಡಿ, ಪೂರ್ತಿ ಆರಿದ ಮೇಲೆ ನಯವಾದ ಎಮರಿ ಪೇಪರಿನಲ್ಲಿ ಹಗುರವಾಗಿ ಉಜ್ಜಿ. ಆಗಲೂ ನಿಲ್ಲದಿದ್ದರೆ ಹೊಸದು ಹಾಕಿಸಿ. ಅಮೆರಿಕದ ಚಳಿ ಊರುಗಳಲ್ಲಿ ಇಡೀ ಮನೆ ಬೆಚ್ಚಗಿಡುವ ಹಳೆಯ ಗ್ಯಾಸ್ ಫರ್ನೇಸ್‌ಗಳೂ ಇದೇ ತತ್ವದ ಮೇಲೆ ನಡೆಯುತ್ತವೆ. ಇಲ್ಲಿ ಕಲಿತ ಕೆಲಸ ಎಲ್ಲಿಗೂ ಬರುತ್ತದೆ.

7. ಜ್ವಾಲೆಯ ಬಣ್ಣ ಓದಲು ಕಲಿಯಿರಿ
ನೀಲಿ, ಗಟ್ಟಿ, ಅಲುಗದ ಜ್ವಾಲೆ ಸರಿ. ಹಳದಿಯಾಗಿ ಓಲಾಡುವ ಜ್ವಾಲೆ ತಪ್ಪು: ಗ್ಯಾಸ್‌ಗೆ ಬೇಕಾದಷ್ಟು ಗಾಳಿ ಸಿಗುತ್ತಿಲ್ಲ, ಅರೆಬರೆ ಉರಿಯುತ್ತಿದೆ. ಬರ್ನರ್‌ನಿಂದ ಮೇಲೆದ್ದು ಸದ್ದು ಮಾಡುವ ಜ್ವಾಲೆಯೂ ತಪ್ಪು: ಒತ್ತಡ ಹೆಚ್ಚಾಗಿರಬಹುದು, ರೆಗ್ಯುಲೇಟರ್ ತೋರಿಸಿ. ಹಳದಿಗೆ ಸಾಮಾನ್ಯ ಕಾರಣ ಧೂಳು, ಮಸಿ, ಜೇಡರ ಬಲೆ. ವಾರಗಟ್ಟಲೆ ಬಳಸದ ರೂಮಿನ ಗೀಸರ್‌ನಲ್ಲಿ ಜೇಡ ಬರ್ನರ್ ಕೊಳವೆಯೊಳಗೇ ಮನೆ ಮಾಡುತ್ತದೆ. ಮೆತ್ತನೆ ಬ್ರಷ್ ಬಳಸಿ. ಜೆಟ್‌ಗೆ ಸೂಜಿ, ಪಿನ್ನು ಚುಚ್ಚಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸಿನ ಲೆಕ್ಕ ತಪ್ಪುತ್ತದೆ.

8. ಚಳಿಗೆ ಹೆದರಿ ವೆಂಟಿಲೇಟರ್ ಮುಚ್ಚಬೇಡಿ
ಹತ್ತರಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಎರಚಲು ಬರುತ್ತದೆ, ಮಂಜು ನುಗ್ಗುತ್ತದೆ, ಪೈಲಟ್ ಆರುತ್ತದೆ ಎಂದು ಬಚ್ಚಲ ವೆಂಟಿಲೇಟರ್‌ಗೆ ಗೋಣಿಚೀಲ ತುರುಕಿದ್ದು, ಪೇಪರ್ ಅಂಟಿಸಿದ್ದು ಎಲ್ಲೇ ಕಂಡರೂ ಆಗಲೇ ಕಿತ್ತುಹಾಕಿ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ. ಯಾರಾದರೂ ಬಿದ್ದಿದ್ದರೆ ಗಾಳಿಗೆ ತಂದು 108ಕ್ಕೆ ಫೋನ್ ಮಾಡಿ. ಶಾಶ್ವತ ಪರಿಹಾರವೂ ಇದೆ: ಗೀಸರನ್ನು ಬಚ್ಚಲಿನಿಂದ ಹೊರಗೋಡೆಗೆ ವರ್ಗಾಯಿಸಿ. ಗಾಳಿಯಾಡುವ, ಮಾಡಿನ ಕೆಳಗಿನ, ಎರಚಲು ತಾಗದ ಜಾಗ ಆರಿಸಿ. ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪ್ ಮಾತ್ರ.

9. ಎಲ್ಲಿ ನಿಲ್ಲಬೇಕು ಎಂದು ಮೊದಲೇ ಗೆರೆ ಎಳೆಯಿರಿ
ಸೆಲ್, ಜಾಲರಿ, ಹೊರಗಿನ ಧೂಳು, ಥರ್ಮೋಕಪಲ್ ತುದಿಯ ಮಸಿ ನಿಮ್ಮ ಕೆಲಸ. ಸೋಪಿನ ನೊರೆ ಹಚ್ಚಿ ಪೈಪ್ ಸೇರುವಲ್ಲಿ ಗುಳ್ಳೆ ಏಳುತ್ತದೆಯೇ ನೋಡುವುದೂ ನಿಮ್ಮ ಕೆಲಸವೇ. ಗ್ಯಾಸ್ ವಾಲ್ವ್, ಜೆಟ್, ರೆಗ್ಯುಲೇಟರ್ ಮೆಕ್ಯಾನಿಕ್‌ನದು. ಸೆನ್ಸರ್ ವೈರ್‌ಗಳನ್ನು ಒಂದಕ್ಕೊಂದು ಸುತ್ತಿ "ಡೈರೆಕ್ಟ್" ಮಾಡಿಕೊಡುತ್ತೇನೆ ಎನ್ನುವವರನ್ನು ವಾಪಸ್ ಕಳಿಸಿ. ಅದು ರಿಪೇರಿಯಲ್ಲ, ಕಾವಲುಗಾರನನ್ನೇ ಮನೆಗೆ ಕಳಿಸಿದ ಹಾಗೆ. "ನನಗೆ ಮೆಷಿನ್ ಕೆಲಸ ಬರಲ್ಲ" ಎಂಬುದು ಬರೀ ಅಭ್ಯಾಸ, ಚೆಕ್‌ಲಿಸ್ಟ್ ಹಿಡಿದರೆ ಹೋಗುತ್ತದೆ. "ನನಗೆಲ್ಲ ಬರುತ್ತೆ" ಎಂಬುದೂ ಅಭ್ಯಾಸವೇ, ಅದನ್ನು ಇನ್ನೂ ಬೇಗ ಬಿಡಿ.

10. ಮೇ ಮತ್ತು ನವೆಂಬರ್‌ಗೆ ಸರ್ವಿಸ್ ಬರೆದಿಡಿ
ತೋಟದ ಕೆಲಸಕ್ಕೆ ಕ್ಯಾಲೆಂಡರ್ ಇದೆಯಲ್ಲ, ಗೀಸರ್‌ಗೂ ಒಂದು ಇರಲಿ. ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮುನ್ನ, ಸೆಲ್ ಬದಲಿಸಿ, ಬರ್ನರ್ ಸ್ವಚ್ಛ ಮಾಡಿಸಿ. ನವೆಂಬರ್‌ನಲ್ಲಿ, ಅರೇಬಿಕಾ ಕೊಯ್ಲು ಜೋರಾಗುವ ಮುನ್ನ, ಜಾಲರಿ ತೊಳೆಯಿರಿ, ಜ್ವಾಲೆ ಪರೀಕ್ಷಿಸಿ. ಕೊಯ್ಲು ಶುರುವಾದ ಮೇಲೆ ನಿಮಗೂ ಪುರುಸೊತ್ತಿಲ್ಲ, ಮೆಕ್ಯಾನಿಕ್‌ಗೂ ಇಲ್ಲ. ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ, ನಡುವೆ ಬಿರುಕು ಕಂಡರೆ ಅಂದೇ. ಪ್ರತಿ ರೂಮಿಗೆ ಒಂದು ಪುಟದ ಲಾಗ್ ಇಡಿ: ತಾರೀಖು, ತೊಂದರೆ, ಕಾರಣ, ಮಾಡಿದ ಕೆಲಸ. ಮೂರನೇ ಸಲ ಅದೇ ರೂಮಿನಲ್ಲಿ ಅದೇ ತೊಂದರೆ ಬಂದಿದೆಯೇ? ಗೀಸರ್ ಬಿಡಿ, ಆ ರೂಮಿನ ಪೈಪ್ ಲೈನ್ ನೋಡಿ. ಸಂಬಳ ಹೆಚ್ಚಿಸಿ ಎಂದು ಓನರ್ ಮುಂದೆ ಕೂರುವ ದಿನ ಆ ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ಕೆಟ್ಟದ್ದನ್ನು ಸರಿಮಾಡುವವರು ಸಿಗುತ್ತಾರೆ, ಕೆಡದ ಹಾಗೆ ನೋಡಿಕೊಳ್ಳುವವರು ಅಪರೂಪ. ನೀವು ಆ ಅಪರೂಪದವರು ಎಂಬುದಕ್ಕೆ ಅದೇ ಸಾಕ್ಷಿ.

ಈಗಲೇ ಎದ್ದು ಮೂರು ಕೆಲಸ ಮಾಡಿ. ಫೋನಿನಲ್ಲಿ 1906 ಸೇವ್ ಮಾಡಿ. ಸುರಕ್ಷಾ ಪೈಪಿನ ಮೇಲೆ ಅಚ್ಚಾದ ವರ್ಷ ಓದಿ. ಬಚ್ಚಲ ವೆಂಟಿಲೇಟರ್ ತೆರೆದಿದೆಯೇ ನೋಡಿ. ಉಳಿದದ್ದನ್ನು ಈ ಭಾನುವಾರ ಮುಗಿಸಿ.