ಬೀಜದ ಡಬ್ಬಿಯ ಸಿಲಿಕಾ ಜೆಲ್: ಮತ್ತೆ ಮತ್ತೆ ಬಳಸುವ ಬಗೆ

ಈರುಳ್ಳಿ ಬೀಜ ಅಲ್ಪಾಯುಷಿ. ಸರಿಯಾಗಿ ಒಣಗಿಸದೆ ಇಟ್ಟರೆ ಒಂದು ಮಳೆಗಾಲ ಕಳೆಯುವುದರೊಳಗೆ ಅದರ ಮೊಳೆಯುವ ಶಕ್ತಿ ಕುಂದುತ್ತದೆ. ತೇವ ತಾಗದ ಡಬ್ಬಿಯಲ್ಲಿಡುವ ಈರುಳ್ಳಿ ಬೀಜದ ತೇವಾಂಶ ಶೇಕಡ 6ನ್ನು ಮೀರಬಾರದೆಂದು ಬೀಜ ಪ್ರಮಾಣನದ ನಿಯಮವಿದೆ. ಮೋಡ ಕವಿದ ದಿನಗಳಲ್ಲಿ ಬರೀ ಬಿಸಿಲನ್ನು ನಂಬಿ ಈ ಮಟ್ಟ ಮುಟ್ಟುವುದು ಕಷ್ಟ. ಆದ್ದರಿಂದಲೇ ಸಿಲಿಕಾ ಜೆಲ್ ಹರಳುಗಳ ಬಳಕೆ.

ಒಮ್ಮೆ ರೈತರೊಬ್ಬರು ಬಿಗಿ ಮುಚ್ಚಳದ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, "ಹರಳು ಹಾಕಿಯೇ ಇಟ್ಟಿದ್ದೆ, ಬೀಜ ಹುಟ್ಟಲಿಲ್ಲ" ಎಂದರು. ನೀಲಿಯಾಗಿರಬೇಕಾದ ಹರಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹಿಂದಿನ ವರ್ಷದ ಹರಳನ್ನೇ ಕಾಯಿಸದೆ ಹಾಕಿದ್ದರು. ನೀರುಂಡ ಹರಳು ಸುಮ್ಮನಿರುವುದಿಲ್ಲ. ಪಕ್ಕದ ಬೀಜ ಒಣಗಿದ್ದರೆ ತನ್ನ ತೇವವನ್ನು ಅದಕ್ಕೇ ಬಿಟ್ಟುಕೊಡುತ್ತದೆ.

ಹರಳಿನೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿವೆ. ನೀರಿನ ಆವಿ ಆ ರಂಧ್ರಗಳ ಗೋಡೆಗೆ ಅಂಟಿ ನಿಲ್ಲುತ್ತದೆ. ಇದನ್ನು ಅಧಿಶೋಷಣೆ ಎನ್ನುತ್ತಾರೆ. ಶೇಕಡ 10 ತೇವಾಂಶವಿರುವ 1 ಕಿಲೋ ಬೀಜವನ್ನು ಶೇಕಡ 6ಕ್ಕೆ ಇಳಿಸಲು ಸುಮಾರು 43 ಗ್ರಾಂ ನೀರು ಹೊರಬರಬೇಕು. ಡಬ್ಬಿಯ ಗಾಳಿ ಒಣಗುತ್ತ ಬಂದಂತೆ ಹರಳಿನ ಹಿಡಿಯುವ ಶಕ್ತಿಯೂ ತಗ್ಗುವುದರಿಂದ, ಬೇಗ ಒಣಗಿಸಲು ಬೀಜದ ತೂಕದಷ್ಟೇ ಹರಳು ಹಾಕುವುದು ರೂಢಿ. ಬೀಜವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಇಡಿ.

ಅಂಟಿದ ನೀರನ್ನು ಬಿಡಿಸುವ ದಾರಿ ಎರಡು. ಸಕ್ಕರೆ ಕಾರ್ಖಾನೆಗಳ ಎಥನಾಲ್ ಘಟಕದಲ್ಲಿ, ಬಟ್ಟಿ ಇಳಿಸಿದರೂ ಬಿಡದ ಕೊನೆಯ ನೀರನ್ನು ಜಿಯೊಲೈಟ್ ಮಣಿಗಳು ಹಿಡಿಯುತ್ತವೆ. ಅಲ್ಲಿ ಜೋಡಿ ಗೋಪುರಗಳಿರುತ್ತವೆ: ಒಂದು ನೀರು ಹಿಡಿಯುವಾಗ, ಇನ್ನೊಂದರ ಒತ್ತಡ ತಗ್ಗಿಸಿ ಅದರ ನೀರನ್ನು ಹೊರಗೆಳೆಯುತ್ತಾರೆ. ನಮ್ಮಲ್ಲಿ ಆ ಯಂತ್ರವಿಲ್ಲ. ನಮಗೆ ಉಳಿದದ್ದು ಶಾಖ.

ಹರಳನ್ನು ತಗಡಿನ ತಟ್ಟೆಯಲ್ಲಿ ತೆಳುವಾಗಿ ಹರಡಿ, ಒಲೆಪೆಟ್ಟಿಗೆಯಲ್ಲಿ 110ರಿಂದ 120 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಎರಡು ಮೂರು ಗಂಟೆ ಇಡಬೇಕು. ಬಿಸಿಲು ಇದಕ್ಕೆ ಸಾಲದು. ನೇರ ಉರಿಯ ಮೇಲಿಟ್ಟರೆ ಬಣ್ಣ ಸುಟ್ಟು ಹೋಗಿ ಸೂಚನೆಯೇ ಸಿಗದು. ಬಣ್ಣಕ್ಕಿಂತ ತಕ್ಕಡಿಯನ್ನು ನಂಬುವುದು ಲೇಸೆಂದು ನನ್ನ ಅನುಭವ: ಹೊಸ ಹರಳಿನ ತೂಕವನ್ನು ಡಬ್ಬಿಯ ಮೇಲೆ ಬರೆದಿಟ್ಟು, ಕಾಯಿಸಿದಾಗ ತೂಕ ಅಲ್ಲಿಗೆ ಇಳಿದು ನಿಲ್ಲುವವರೆಗೆ ಬಿಡಿ. ತೆಗೆದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ ಮುಚ್ಚಿ ಆರಿಸಬೇಕು. ಬಯಲಲ್ಲಿ ಆರಿಸಿದರೆ ಗಾಳಿಯ ತೇವವನ್ನೇ ಹೀರಿಕೊಂಡು ಶ್ರಮ ವ್ಯರ್ಥವಾದೀತು. ಬಿಸಿ ಹರಳನ್ನು ಬೀಜಕ್ಕೆ ಸೇರಿಸಿದರಂತೂ ಭ್ರೂಣವೇ ಸತ್ತೀತು.

ಬೀಜ ಒಣಗಿಸಲೆಂದೇ ಮಾರುವ ಜಿಯೊಲೈಟ್ ಮಣಿಗಳು ನೀರನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತವೆ. ಅವುಗಳಿಗೆ 200 ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು. ನೀಲಿ ಹರಳಿನಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ. ಅಡುಗೆಯ ಪಾತ್ರೆಯಲ್ಲಿ ಅದನ್ನು ಕಾಯಿಸಬೇಡಿ, ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ.